ಮಾತಾಡು ಅಂತ ಒತ್ತಾಯ ಮಾಡಬೇಡಿ

ಎಂಟು ವರ್ಷದ ಮಗಳಿಗೆ ನಾಚಿಕೆ ಜಾಸ್ತಿ, ಅವಳಿಷ್ಟದ ಧಾರಾವಾಹಿ ನಟನನ್ನು ಮುಂದಿನ ವಾರ ಭೇಟಿ ಮಾಡಿಸುವಾಗ ಏನು ಹೇಳಿಕೊಡಲಿ ಅಂತ ಕೇಳಿದ್ದೀರಿ ಅಲ್ವಾ. ಆ ವಯಸ್ಸಿನಲ್ಲಿ ನಾನೂ ನಟರೊಬ್ಬರ ಎದುರು ಹಾಗೇ ನಾಚಿಕೊಂಡು ನಿಂತಿದ್ದೆ. ಹತ್ತು ಸಲ ಅಭ್ಯಾಸ ಮಾಡಿದ ಮಾತು ಅವರು ಎದುರಿಗೆ ಬಂದ ಕೂಡಲೇ ಮರೆತೇ ಹೋಯಿತು, ಗಂಟಲು ಕಟ್ಟಿತು, ಅಮ್ಮನ ಕೈ ಹಿಡಿದುಕೊಂಡು ಅವರ ಕಾಲರ್‌ಗೆ ಹತ್ತಿದ್ದ ಮೇಕಪ್ಪಿನ ಕಲೆಯನ್ನೇ ನೋಡುತ್ತಿದ್ದೆ. "ಮಾತಾಡು, ಮಾತಾಡು" ಅಂತ ಹಿಂದಿನಿಂದ ಎಲ್ಲರೂ ಹೇಳುತ್ತಿದ್ದರು. ಕಷ್ಟವಾಗಿದ್ದು ಅದೇ. ಅವರು ಮಾತ್ರ ಮಂಡಿಯೂರಿ ಕೂತು, ನನ್ನ ಕೈಯಲ್ಲಿ ಮುದುಡಿದ್ದ ಚಿತ್ರ ಬಿಡಿಸಿ ನೋಡಿ, "ಈ ನಾಯಿಯ ಹೆಸರೇನು?" ಅಂದರು. ಹೇಳಿದೆ. ಮಾತುಕತೆ ಅಷ್ಟೇ, ಆದರೆ ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಏನನ್ನೂ ಬಾಯಿಪಾಠ ಮಾಡಿಸಬೇಡಿ. ಅವಳೇ ಬಿಡಿಸಿದ ಚಿತ್ರವೋ ಬರೆದ ಚೀಟಿಯೋ ಕೈಯಲ್ಲಿರಲಿ, ಕೈಗೊಂದು ಕೆಲಸ ಸಿಕ್ಕರೆ ಮಕ್ಕಳಿಗೆ ಸ್ವಲ್ಪ ಧೈರ್ಯ ಬರುತ್ತದೆ. ಆ ನಟನ ನಿಜವಾದ ಹೆಸರು ಬೇರೆ, ಪಾತ್ರದ ವೇಷ ಇರಲಿಕ್ಕಿಲ್ಲ, ಟಿವಿಯಲ್ಲಿ ಕಂಡಷ್ಟು ಎತ್ತರವೂ ಇರಲಿಕ್ಕಿಲ್ಲ ಅಂತ ಮೊದಲೇ ಹೇಳಿಡಿ, ಕೆಲವು ಮಕ್ಕಳು ಅದಕ್ಕೇ ಗಾಬರಿಯಾಗುತ್ತಾರೆ. ಅವಳು ಸುಮ್ನೆ ನಿಂತರೆ ನಿಲ್ಲಲಿ. ಫೋಟೋ ಕೊನೆಗೆ ತೆಗೆದರಾಯಿತು, ಅದೂ ಅವಳು ಹೂಂ ಅಂದರೆ ಮಾತ್ರ.