ಓದುಗರ ಪ್ರಶ್ನೆ: ಕಮ್ಯುನಿಟಿ ಕಾಲೇಜಿನಿಂದ ಯೂಸಿ ಇಂಜಿನಿಯರಿಂಗ್‌ಗೆ, ಯಾವ ಕೋರ್ಸು ಯಾವಾಗ?

ಪ್ರಶ್ನೆ: ನಮ್ಮ ಮಗ ಇಲ್ಲಿ ಪಿಯುಸಿ ಮುಗಿಸಿ, ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿರುವ ಓಲೋನಿ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರುತ್ತಿದ್ದಾನೆ. ಎರಡು ವರ್ಷದ ಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯೂಸಿ) ಮೆಕ್ಯಾನಿಕಲ್ ಓದುವ ಆಸೆ. ಕ್ಯಾಲ್ಕುಲಸ್ ಪಿಯುಸಿಯಲ್ಲೇ ಆಗಿದೆಯಲ್ಲ, ಮೊದಲ ಸೆಮಿಸ್ಟರ್ ಗಣಿತ ಬಿಟ್ಟು ಹಗುರವಾದ ವಿಷಯ ತೆಗೆದುಕೊಂಡರೆ ಆಗುವುದಿಲ್ಲವೇ?
– ಒಬ್ಬ ತಾಯಿ, ಮೈಸೂರು

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ ಅಮ್ಮ. ಪಿಯುಸಿ ಅಂಕಪಟ್ಟಿ ನೋಡಿ ಕಾಲೇಜು ಅವನನ್ನು ನೇರವಾಗಿ ಮೊದಲ ಕ್ಯಾಲ್ಕುಲಸ್ ತರಗತಿಗೆ ಸೇರಿಸಿಕೊಳ್ಳಬಹುದು. ಆದರೆ ಪಿಯುಸಿ ಗಣಿತಕ್ಕೆ ಯೂಸಿ ಒಂದು ಯೂನಿಟ್ಟನ್ನೂ (ಕೋರ್ಸಿಗೆ ಸಿಗುವ ಕ್ರೆಡಿಟ್) ಲೆಕ್ಕಕ್ಕೆ ಹಿಡಿಯುವುದಿಲ್ಲ. ಓದಿದ್ದನ್ನೇ ಮತ್ತೆ ಓದಬೇಕು, ಅದೂ ಮೊದಲ ಸೆಮಿಸ್ಟರಿನಲ್ಲೇ.

ಕಾರಣ ಇದು. ಕ್ಯಾಲ್ಕುಲಸ್ ಮೂರು ಸೆಮಿಸ್ಟರಿನ ಸರಣಿ. ಮೊದಲನೆಯದು ಮುಗಿಯದೆ ಮೆಕ್ಯಾನಿಕ್ಸ್ ಭೌತಶಾಸ್ತ್ರಕ್ಕೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮೆಕ್ಯಾನಿಕ್ಸ್ ಆಗದೆ ವಿದ್ಯುತ್-ಕಾಂತತ್ವವೂ ಇಲ್ಲ, ಇಂಜಿನಿಯರಿಂಗ್ ಸ್ಟ್ಯಾಟಿಕ್ಸೂ ಇಲ್ಲ. ಕೊನೆಯಲ್ಲಿ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್ ಬರುತ್ತವೆ. ಮೊದಲ ದಿನವೇ ಕ್ಯಾಲ್ಕುಲಸ್ ಹಿಡಿದರೂ ಇಷ್ಟಕ್ಕೆ ಪೂರ್ತಿ ನಾಲ್ಕು ಸೆಮಿಸ್ಟರ್ ಬೇಕು. ಒಂದು ಸೆಮಿಸ್ಟರ್ ತಡವಾದರೆ ಆರು ತಿಂಗಳಲ್ಲ, ಒಂದು ವರ್ಷವೇ ಹೋಗಬಹುದು. ಯೂಸಿ ಇಂಜಿನಿಯರಿಂಗ್‌ಗೆ ವರ್ಗಾವಣೆ ಹೆಚ್ಚಾಗಿ ಫಾಲ್‌ನಲ್ಲಿ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಅವಧಿ) ಮಾತ್ರ, ಮತ್ತು ಕಡ್ಡಾಯ ಕೋರ್ಸುಗಳು ಅದರ ಹಿಂದಿನ ಸ್ಪ್ರಿಂಗ್ (ಜನವರಿಯ ಹೊತ್ತಿಗೆ ಶುರುವಾಗುವ ಅವಧಿ) ಒಳಗೇ ಮುಗಿದಿರಬೇಕು. ಸೇರುವ ಮುಂಚಿನ ಬೇಸಿಗೆಯಲ್ಲಿ ಮುಗಿಸುತ್ತೇನೆ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮುಖ್ಯ ಕೋರ್ಸುಗಳನ್ನು ಹೀಗೆ ಹಂಚಿಕೊಳ್ಳಲಿ. ಮೊದಲ ಸೆಮಿಸ್ಟರಿಗೆ ಕ್ಯಾಲ್ಕುಲಸ್ 1, ಕೆಮಿಸ್ಟ್ರಿ, ಇಂಗ್ಲಿಷ್ ಬರವಣಿಗೆ. ಎರಡನೆಯದಕ್ಕೆ ಕ್ಯಾಲ್ಕುಲಸ್ 2, ಮೆಕ್ಯಾನಿಕ್ಸ್, ಪ್ರೋಗ್ರಾಮಿಂಗ್. ಮೂರರಲ್ಲಿ ಕ್ಯಾಲ್ಕುಲಸ್ 3, ವಿದ್ಯುತ್-ಕಾಂತತ್ವ, ಎರಡನೇ ಇಂಗ್ಲಿಷ್. ನಾಲ್ಕರಲ್ಲಿ ಉಳಿದ ಗಣಿತ, ಮೂರನೇ ಭೌತಶಾಸ್ತ್ರ, ಸ್ಟ್ಯಾಟಿಕ್ಸ್. ಸ್ಟ್ಯಾಟಿಕ್ಸ್, ಸರ್ಕ್ಯೂಟ್ಸ್‌ನಂಥ ಇಂಜಿನಿಯರಿಂಗ್ ಕೋರ್ಸುಗಳನ್ನು ಸಣ್ಣ ಕಾಲೇಜುಗಳು ಹಲವೆಡೆ ವರ್ಷಕ್ಕೊಮ್ಮೆ ಮಾತ್ರ ನಡೆಸುತ್ತವೆ. ಯಾವುದು ಫಾಲ್‌ನಲ್ಲಿ, ಯಾವುದು ಸ್ಪ್ರಿಂಗ್‌ನಲ್ಲಿ ಎಂದು ಈಗಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ಈ ಪಟ್ಟಿಯನ್ನು ಹಿಂದುಮುಂದು ಮಾಡಿಕೊಳ್ಳಲಿ.

ಪಟ್ಟಿ ಖಚಿತವಾಗುವುದು ಅಸಿಸ್ಟ್ ಡಾಟ್ ಆರ್ಗ್ ತಾಣದಲ್ಲಿ. ಕಾಲೇಜು, ಕ್ಯಾಂಪಸ್, ವರ್ಷ, ವಿಭಾಗ ಆರಿಸಿದರೆ ಯೂಸಿಯ ಯಾವ ಕೋರ್ಸಿಗೆ ಓಲೋನಿಯ ಯಾವ ಕೋರ್ಸು ಸಮ ಎಂದು ಎದುರುಬದುರಾಗಿ ತೋರಿಸುತ್ತದೆ. ಒಂದು ಕ್ಯಾಂಪಸ್ ನೋಡಿ ನಿಲ್ಲಿಸಬಾರದು. ನಾಲ್ಕೈದು ಕ್ಯಾಂಪಸ್‌ಗಳ ಪುಟ ಪಕ್ಕಪಕ್ಕ ಇಟ್ಟರೆ ಗಣಿತ, ಭೌತಶಾಸ್ತ್ರ ಬಹುತೇಕ ಒಂದೇ ಇರುತ್ತವೆ. ಪ್ರೋಗ್ರಾಮಿಂಗ್‌ನಲ್ಲಿ ದಾರಿ ಬೇರೆಯಾಗುತ್ತದೆ. ಒಂದು ಕಡೆ ಸಿ++ ಕೇಳಿದರೆ ಇನ್ನೊಂದು ಕಡೆ ಮ್ಯಾಟ್‌ಲ್ಯಾಬ್ ಕೇಳಬಹುದು. ಹೆಚ್ಚು ಕ್ಯಾಂಪಸ್‌ಗೆ ಹೊಂದುವ ಭಾಷೆ ಆರಿಸಲಿ. ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಎಂದಿದ್ದರೆ ಅದಕ್ಕೆ ಸಮನಾದದ್ದು ಓಲೋನಿಯಲ್ಲಿಲ್ಲ ಎಂದರ್ಥ. ಆಗ ಪಕ್ಕದ ಕಾಲೇಜಿನಲ್ಲಿದೆಯೇ ಎಂದು ಕೌನ್ಸೆಲರ್ ಹತ್ತಿರ ಕೇಳಬೇಕು.

ಅರ್ಜಿ ಹಾಕುವ ಸಮಯ ಅಕ್ಟೋಬರ್‌ನಲ್ಲಿ ಶುರುವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಅಂದರೆ ಮೂರನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ. ಆಯ್ಕೆ ಮಾಡುವವರ ಕಣ್ಣಿಗೆ ಆಗ ಬೀಳುವುದು ಮೊದಲ ವರ್ಷದ ಗ್ರೇಡು; ಮೂರನೇ ಸೆಮಿಸ್ಟರಿನ ಗ್ರೇಡನ್ನು ಜನವರಿಯಲ್ಲಿ ತಪ್ಪದೆ ಸೇರಿಸಬೇಕು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್‌ಗಳಲ್ಲಿ ಪ್ರವೇಶ ಖಾತರಿಯ ‘ಟ್ಯಾಗ್’ ಯೋಜನೆ ಇದೆ. ಅದಕ್ಕೆ ಸೆಪ್ಟೆಂಬರ್ ತಿಂಗಳಲ್ಲೇ ಅರ್ಜಿ ಹಾಕಬೇಕು, ಅದೂ ಒಂದೇ ಕ್ಯಾಂಪಸ್‌ಗೆ. ಎಲ್ಲ ವಿಭಾಗಕ್ಕೂ ಅದು ಸಿಗುವುದಿಲ್ಲ, ಇಂಜಿನಿಯರಿಂಗ್ ಸೇರಿದೆಯೇ ಎಂದು ಆ ವರ್ಷದ ಪಟ್ಟಿಯಲ್ಲಿ ನೋಡಬೇಕು. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋಗಳಲ್ಲಿ ಟ್ಯಾಗ್ ಇಲ್ಲ.

ಗ್ರೇಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಿ ಬಂದ ಕೋರ್ಸನ್ನು ಅಂಕ ಹೆಚ್ಚಿಸಿಕೊಳ್ಳಲೆಂದು ಮತ್ತೆ ಓದಲು ಬಿಡುವುದಿಲ್ಲ. ಹೊರ ರಾಜ್ಯ, ಹೊರ ದೇಶದವರಿಗೆ ಯೂಸಿಯ ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ) 2.8, ಇಂಜಿನಿಯರಿಂಗ್‌ನಲ್ಲಿ ಸ್ಪರ್ಧೆ ಅದಕ್ಕಿಂತ ಬಹಳ ಮೇಲೆ. ತೀರಾ ಕಷ್ಟವಾದರೆ ಗಡುವಿನೊಳಗೆ ಕೋರ್ಸು ಬಿಟ್ಟು ಗ್ರೇಡಿನ ಬದಲು ‘ಡಬ್ಲ್ಯೂ’ (ವಿತ್‌ಡ್ರಾ) ಎಂಬ ಗುರುತು ಪಡೆಯಬಹುದು. ಆದರೆ ಎಫ್-1 ವಿದ್ಯಾರ್ಥಿಗೆ ಪ್ರತಿ ಸೆಮಿಸ್ಟರಿನಲ್ಲೂ 12 ಯೂನಿಟ್ ಇರಲೇಬೇಕು. ಕೋರ್ಸು ಬಿಟ್ಟು ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಥಿತಿಗೇ ಕುತ್ತು. ಬಿಡುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಪಡೆಯಲಿ, ಬಿಟ್ಟ ಮೇಲಲ್ಲ.

ಪ್ರಶ್ನೆ: ಐಗೆಟ್ಸಿ ಎಂಬ ಸಾಮಾನ್ಯ ಶಿಕ್ಷಣದ ಪಟ್ಟಿ ಪೂರ್ತಿ ಮುಗಿಸಿದರೆ ಒಳ್ಳೆಯದು ಎಂದು ಗೆಳತಿಯರು ಹೇಳುತ್ತಾರೆ. ಇಂಜಿನಿಯರಿಂಗ್‌ಗೂ ಅದು ಬೇಕೇ?
– ವಿದ್ಯಾರ್ಥಿನಿ, ಸ್ಯಾನ್ ಹೋಸೆ

ಉತ್ತರ: 2025ರ ಫಾಲ್‌ನಿಂದ ಹೊಸದಾಗಿ ಸೇರಿದವರಿಗೆ ಅದರ ಜಾಗದಲ್ಲಿ ಕ್ಯಾಲ್‌ಗೆಟ್ಸಿ ಬಂದಿದೆ. ಎರಡೂ ಸಾಮಾನ್ಯ ಶಿಕ್ಷಣದ ಪಟ್ಟಿಗಳೇ, ಇಂಜಿನಿಯರಿಂಗ್‌ನವರಿಗೆ ಎರಡೂ ಮೊದಲ ಆದ್ಯತೆಯಲ್ಲ. ಇತಿಹಾಸ, ಕಲೆಯ ಕೋರ್ಸುಗಳನ್ನೆಲ್ಲ ಮುಗಿಸಿ ಭೌತಶಾಸ್ತ್ರ ಬಾಕಿ ಉಳಿಸಿಕೊಂಡರೆ ಅರ್ಜಿ ಅಲ್ಲೇ ಬೀಳುತ್ತದೆ. ಯೂಸಿಗೆ ಬೇಕಾದ್ದು ವರ್ಗಾಯಿಸಬಹುದಾದ 60 ಸೆಮಿಸ್ಟರ್ ಯೂನಿಟ್ ಮತ್ತು ಏಳು ಕೋರ್ಸು: ಎರಡು ಇಂಗ್ಲಿಷ್, ಒಂದು ಗಣಿತ, ಉಳಿದ ನಾಲ್ಕು ಕಲೆ-ಮಾನವಿಕ, ಸಮಾಜ ವಿಜ್ಞಾನ, ವಿಜ್ಞಾನ ಈ ಮೂರರಲ್ಲಿ ಕನಿಷ್ಠ ಎರಡು ಕ್ಷೇತ್ರಗಳಿಂದ. ನಾಲ್ಕಕ್ಕೂ ಭೌತಶಾಸ್ತ್ರ, ಕೆಮಿಸ್ಟ್ರಿಯನ್ನೇ ತೋರಿಸಿದರೆ ಒಂದೇ ಕ್ಷೇತ್ರವಾಗುತ್ತದೆ. ವಿಜ್ಞಾನದ ಮೂರರ ಜೊತೆ ಎಕನಾಮಿಕ್ಸ್‌ನಂಥ ಒಂದು ಸಾಕು. ಸ್ಯಾನ್ ಹೋಸೆ ಸ್ಟೇಟ್‌ನಂಥ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್‌ಗೂ ಅರ್ಜಿ ಹಾಕುವುದಾದರೆ ಭಾಷಣ ಕಲೆಯ ಕೋರ್ಸೊಂದು ಬೇಕು. ಯೂಸಿಯ ಏಳರಲ್ಲಿ ಅದು ಇಲ್ಲದ ಕಾರಣ ಬಹಳ ಮಂದಿಗೆ ನೆನಪಾಗುವುದೇ ಇಲ್ಲ.

ಪ್ರಶ್ನೆ: ಡಿ ಆನ್ಜಾ ಕಾಲೇಜಿನಲ್ಲಿ ಎರಡು ಕ್ವಾರ್ಟರ್ (ಸುಮಾರು ಮೂರು ತಿಂಗಳ ಅವಧಿ) ಕ್ಯಾಲ್ಕುಲಸ್ ಆಗಿದೆ. ಮನೆ ಬದಲಾಗಿದ್ದರಿಂದ ಸೆಮಿಸ್ಟರ್ ಪದ್ಧತಿಯ ಕಾಲೇಜಿಗೆ ಹೋಗಬಹುದೇ?
– ವಿದ್ಯಾರ್ಥಿ, ಮಿಲ್ಪಿಟಸ್

ಉತ್ತರ: ಸರಣಿ ಮುಗಿಸಿ ಹೋಗಿ. ಡಿ ಆನ್ಜಾದಲ್ಲಿ ನಾಲ್ಕು ಕ್ವಾರ್ಟರ್‌ಗೆ ಹರಡಿರುವ ಕ್ಯಾಲ್ಕುಲಸ್ ಸೆಮಿಸ್ಟರ್ ಕಾಲೇಜಿನಲ್ಲಿ ಮೂರು ಕೋರ್ಸು. ನಿಮ್ಮ ಎರಡು ಕ್ವಾರ್ಟರ್ ಅಲ್ಲಿ ಸುಮಾರು ಒಂದೂವರೆ ಕೋರ್ಸು. ಆ ಅರ್ಧಕ್ಕೆ ಎಲ್ಲೂ ಬೆಲೆಯಿಲ್ಲ, ಎರಡನೇ ಕ್ಯಾಲ್ಕುಲಸ್ಸನ್ನು ಮೊದಲಿಂದ ಓದಬೇಕಾದೀತು. ಯೂನಿಟ್‌ಗಳನ್ನು ಮೂರನೇ ಎರಡರಿಂದ ಗುಣಿಸಿ ಪರಿವರ್ತಿಸಬಹುದು, 90 ಕ್ವಾರ್ಟರ್ ಯೂನಿಟ್ 60 ಆಗುತ್ತದೆ. ಆದರೆ ಪಾಠದ ಭಾಗಗಳು ಹಾಗೆ ಗುಣಾಕಾರಕ್ಕೆ ಸಿಗುವುದಿಲ್ಲ. ಅಸಿಸ್ಟ್‌ನಲ್ಲೂ ಇಂಥ ಸರಣಿಗಳನ್ನು ಹಲವು ಕಡೆ ಒಟ್ಟಾಗಿಯೇ ಸಮ ಎಂದು ತೋರಿಸಿರುತ್ತಾರೆ. ಭೌತಶಾಸ್ತ್ರಕ್ಕೂ ಇದೇ ಲೆಕ್ಕ. ಇಂಗ್ಲಿಷ್, ಎಕನಾಮಿಕ್ಸ್‌ನಂಥ ಬಿಡಿ ಕೋರ್ಸುಗಳನ್ನು ಮಾತ್ರ ಹೊಸ ಮನೆಯ ಹತ್ತಿರದ ಕಾಲೇಜಿನಲ್ಲಿ ಈಗಲೇ ಶುರುಮಾಡಬಹುದು.