ಮೊದಲು ತಮ್ಮನಿಗೆ ಫೋನ್ ಮಾಡಿ

ಸಾಗರದ ಕಡೆಯ ಓದುಗಿಯೊಬ್ಬರ ಪತ್ರ ಈ ವಾರ ಉಳಿದೆಲ್ಲ ಪತ್ರಗಳನ್ನೂ ಪಕ್ಕಕ್ಕಿಡುವಂತೆ ಮಾಡಿತು. ಅವರ ಅಪ್ಪನ ವರ್ಷಾಂತ ಹತ್ತಿರ ಬಂದಿದೆ. ಅಂದು ನೆಂಟರಿಗೆ ಹಂಚಲು ಮನೆತನದ ಚರಿತ್ರೆಯ ಒಂದು ಸಣ್ಣ ಪುಸ್ತಕ ಸಿದ್ಧವಾಗುತ್ತಿದೆ. ಅಜ್ಜನಿಗೆ ಮೊದಲೊಂದು ಮದುವೆಯಾಗಿತ್ತು. ಆಕೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆಕೆಯನ್ನು ವಂಶವೃಕ್ಷದಲ್ಲಿ ಸೇರಿಸಬೇಕೆಂಬುದು ಇವರ ಆಸೆ. ‘ಸಂತಾನವೇ ಇಲ್ಲದವಳ ಹೆಸರು ಯಾಕೆ? ಅದು ಯಾರಿಗೂ ನೆನಪೂ ಇಲ್ಲ’ ಎನ್ನುತ್ತಾರಂತೆ ದೊಡ್ಡಪ್ಪ. ಹಿರಿಯರ ಮಾತು ಮೀರಬಹುದೇ ಎಂಬುದು ಪ್ರಶ್ನೆ.

ಮೀರಿ. ಆ ಪ್ರಶ್ನೆಗೆ ಅಷ್ಟು ಸಾಕು. ನನಗೆ ಎದೆ ಧಸಕ್ಕೆಂದದ್ದು ಪತ್ರದ ಕೊನೆಗೆ ನೀವು ಮಾತಿಗೆ ಮಾತು ಬಂತೆಂಬಂತೆ ಬರೆದ ಸಾಲು ಓದಿ: ‘ಆಕೆಯದು ಒಂದೇ ಫೋಟೋ ಇದೆ, ಹಿಂದೆ ಪೆನ್ಸಿಲ್ಲಿನಲ್ಲಿ ಏನೋ ಬರೆದು ಮಾಸಿದೆ. ಹಳೇ ಫೋಟೋಗಳನ್ನೆಲ್ಲ ತಮ್ಮ ಸೋಮವಾರ ಲ್ಯಾಮಿನೇಷನ್‌ಗೆ ಕೊಡುತ್ತಾನೆ.’

ಇವತ್ತು ರಾತ್ರಿಯೇ ಆ ತಮ್ಮನಿಗೆ ಫೋನ್ ಮಾಡಿ ತಡೆಯಿರಿ. ನನಗೆ ಸಿಟ್ಟಿರುವುದು ದೊಡ್ಡಪ್ಪನ ಮೇಲಲ್ಲ, ಈ ಉತ್ಸಾಹಿ ತಮ್ಮನ ಮೇಲೆ. ನಮ್ಮೂರುಗಳ ಸ್ಟುಡಿಯೋದಲ್ಲಿ ಲ್ಯಾಮಿನೇಷನ್ ಎಂದರೆ ಫೋಟೋದ ಅಂಚು ಕತ್ತರಿಸಿ, ಬೆನ್ನಿಗೆ ಅಂಟು ಬಳಿದು ಹಲಗೆಗೆ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಯಲ್ಲಿ ಒತ್ತುವುದು. ಹಿಂಬದಿಯ ಬರಹ ಅಂಟಿನಡಿ ಸೇರಿತು, ಅಂಚಿನ ಸ್ಟುಡಿಯೋ ಮುದ್ರೆ ಕತ್ತರಿಗೆ ಹೋಯಿತು. ಮುಂದೆ ಬಿಡಿಸಲು ಹೋದರೆ ಚಿತ್ರವಿರುವ ಜೆಲಟಿನ್ ಪದರವೇ ಪ್ಲಾಸ್ಟಿಕ್ಕಿನ ಜೊತೆ ಕಿತ್ತು ಬರುತ್ತದೆ. ಮೇಲಾಗಿ ನಿಮ್ಮದು ಮಲೆನಾಡು. ಮಳೆಗಾಲದ ತೇವಕ್ಕೆ ಹಲಗೆ ಅಂಚಿನಿಂದ ಉಬ್ಬುತ್ತದೆ.

ಗೋಡೆಗೆ ಹಾಕಲೇಬೇಕೆಂದರೆ ಪ್ರತಿ ಮಾಡಿಸಿ ಅದನ್ನು ಲ್ಯಾಮಿನೇಟ್ ಮಾಡಲಿ, ಯಾರು ಬೇಡ ಅಂದರು? ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ, ಪಾಸ್‌ಪೋರ್ಟ್ ಅಳತೆಯದಾದರೆ 1200ಕ್ಕೆ, ಟಿಫ್ ಕಡತವಾಗಿ ಸ್ಕ್ಯಾನ್ ಮಾಡಿಸಿ. ಎರಡೂ ಮಗ್ಗುಲು. ಹಿಂಬದಿ ಬೇಕೆಂದು ನೀವಾಗಿ ಹೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ. ಆಪ್‌ಗಳಲ್ಲಿ ಮುಖ ನುಣುಪು ಮಾಡಿ ಬಣ್ಣ ಹಚ್ಚುವ ಆಟ ಮೂಲ ಕಡತದ ಮೇಲೆ ಬೇಡ. ಗಾಜಿಗೆ ಅಂಟಿಕೊಂಡ ಫೋಟೋ ಇದ್ದರೆ ಎಬ್ಬಿಸಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಮಾಸಿದ ಬರಹವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಪೆನ್ನಿನಿಂದ ತಿದ್ದಲೂಬೇಡಿ. ಕತ್ತಲ ಕೋಣೆಯಲ್ಲಿ ಫೋಟೋ ಮಗುಚಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಬದಿಯಿಂದ ಬೆಳಕು ಬಿಡಿ. ಸೀಸ ಅಳಿಸಿದ್ದರೂ ಕಾಗದದಲ್ಲಿ ಒತ್ತಿದ ಗೀರು ನೆರಳಾಗಿ ಎದ್ದು ಕಾಣಬಹುದು. ಒಂದೇ ದಿಕ್ಕಿನಿಂದ ನೋಡಿ ಬಿಡಬೇಡಿ, ಟಾರ್ಚನ್ನು ಸುತ್ತ ಒಯ್ಯುತ್ತ ಫೋನಿನಲ್ಲಿ ನಾಲ್ಕಾರು ಚಿತ್ರ ತೆಗೆಯಿರಿ. ಆಮೇಲೆ ಮೂಲ ಫೋಟೋ ಕಾಗದದ ಲಕೋಟೆಯಲ್ಲಿ, ಒಳಕೋಣೆಯ ಬೀರುವಿನಲ್ಲಿರಲಿ. ಅಟ್ಟವೂ ಬೇಡ, ಅಂಟುಹಾಳೆಯ ಆಲ್ಬಮ್ಮೂ ಬೇಡ.

ಇನ್ನು ‘ಯಾರಿಗೂ ನೆನಪಿಲ್ಲ’ ಎಂಬ ಮಾತು. ಮಹಾಲಯದಲ್ಲಿ ಸರ್ವಪಿತೃಗಳಿಗೆ ಎಳ್ಳುನೀರು ಬಿಡುವ ಸಾಲಿನಲ್ಲಿ ಸಾಪತ್ನಮಾತೃವಿಗೂ, ಅಂದರೆ ತಂದೆಯ ಇನ್ನೊಬ್ಬ ಹೆಂಡತಿಗೂ ಸ್ಥಾನವಿದೆ. ದೊಡ್ಡಪ್ಪ ಮಹಾಲಯ ಮಾಡುವವರಾದರೆ, ಭಟ್ಟರೆದುರು ಓದುವ ಹೆಸರಿನ ಪಟ್ಟಿ ಮನೆಯಲ್ಲಿ ಪಂಚಾಂಗದ ನಡುವೆಯೋ ಹಳೆಯ ಡೈರಿಯಲ್ಲೋ ಇದ್ದೀತು. ಪಹಣಿಯಲ್ಲಿ, ಶಾಲೆಯ ದಾಖಲೆಯಲ್ಲಿ ಸಿಗದ ಹೆಂಗಸರು ಸಿಗುವುದು ಆ ಚೀಟಿಯಲ್ಲೇ. ಚೊಕ್ಕವಾಗಿ ನಕಲು ಮಾಡಿದಾಗ ಎರಡು ಹೆಸರು ಬಿಟ್ಟುಹೋಗುವುದು ಮಾಮೂಲು, ಆದ್ದರಿಂದ ಅತಿ ಹಳೆಯ ಪ್ರತಿಯನ್ನೇ ಕೇಳಿ. ಚೀಟಿಯ ಹೆಸರೂ ಫೋಟೋದ ಹೆಸರೂ ಬೇರೆಯಾಗಿದ್ದರೆ ಗಾಬರಿ ಬೇಡ: ಮದುವೆಯಲ್ಲಿ ಹೆಸರು ಬದಲಿಸುತ್ತಿದ್ದ ಮನೆಗಳಿದ್ದವು. ಎರಡನ್ನೂ ಅಚ್ಚು ಹಾಕಿಸಿ.

ತಿಥಿಯೂ ಸಿಕ್ಕಿತೆನ್ನಿ, ಸಂವತ್ಸರ ನೋಡಿ. ವಿರೋಧಿ ಎಂದಿದ್ದರೆ 1949ರ ಯುಗಾದಿಯಿಂದ 1950ರ ಯುಗಾದಿಯವರೆಗೆ. ತಿಂಗಳು ಮಾಘವಾದರೆ ಇಸವಿ 1950. ಅಲ್ಲಿ 1949 ಎಂದು ಬರೆದುಬಿಡುವುದೇ ಮನೆತನದ ಪುಸ್ತಕಗಳ ಖಾಯಂ ತಪ್ಪು.

ಪುಸ್ತಕ ವರ್ಷಾಂತಕ್ಕೆ ಆಗದಿದ್ದರೆ ಮುಂದಿನ ಮಹಾಲಯಕ್ಕೆ ಆಗಲಿ. ತಮ್ಮನಿಗೆ ಫೋನ್ ಮಾತ್ರ ಇವತ್ತೇ. ಸ್ಟುಡಿಯೋಗೆ ಆಗಲೇ ಕೊಟ್ಟುಬಿಟ್ಟಿದ್ದರೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅವನೇ ಅಲ್ಲಿ ಹೋಗಿ ನಿಲ್ಲಲಿ.