ಅಂಚು ಬಿಚ್ಚದಂತೆ ಕಾರ್ಪೆಟ್ ಕತ್ತರಿಸುವುದು

ಪ್ರಶ್ನೆ: ಮಿಕ್ಕಿರುವ ನೈಲಾನ್ ಕಾರ್ಪೆಟ್ಟನ್ನೂ ಹಳೆಯ ಹತ್ತಿ ಜಮಖಾನವನ್ನೂ ಚಿಕ್ಕ ಕೋಣೆಯ ಅಳತೆಗೆ ಕತ್ತರಿಸಬೇಕಾಗಿದೆ. ಎಳೆ ಬಿಚ್ಚದಂತೆ ಹೇಗೆ ಕತ್ತರಿಸಲಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎರಡಕ್ಕೂ ಒಂದೇ ಉಪಾಯ ಸಲ್ಲದು. ಸಾಮಾನ್ಯವಾಗಿ ನೈಲಾನ್ ಕಾರ್ಪೆಟ್ಟಿನ ಎಳೆಗಳನ್ನು ಬೆನ್ನಿನ ಬಟ್ಟೆಗೆ ಅಂಟಿನಿಂದ ಹಿಡಿಸಿರುತ್ತಾರಾದ್ದರಿಂದ, ಅದನ್ನು ಮಗುಚಿ ಹಾಸಿ, ಗೆರೆ ಎಳೆದು, ಕಬ್ಬಿಣದ ಪಟ್ಟಿಯನ್ನು ಒತ್ತಿ ಹಿಡಿದು, ಹೊಸ ಬ್ಲೇಡು ಹಾಕಿದ ಕಟರಿನಿಂದ ಬೆನ್ನನ್ನಷ್ಟೇ ಸೀಳಬೇಕು. ಮೊಂಡು ಬ್ಲೇಡು ಎಳೆಗಳನ್ನು ಕತ್ತರಿಸದೆ ಕಿತ್ತುಹಾಕುತ್ತದೆ. ಬಳಿಕ ಅಂಚಿಗೆ ಲ್ಯಾಟೆಕ್ಸ್ ಅಂಟನ್ನು ತೆಳುವಾಗಿ ಸವರಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದು ಬೇಗ ಒಣಗದು, ಅವಸರ ಬೇಡ.

ಜಮಖಾನ ನೇಯ್ಗೆಯದು, ಬೆನ್ನಿಗೆ ಅಂಟಿಲ್ಲ. ಕತ್ತರಿಸುವ ಮೊದಲೇ ಗೆರೆಯ ಎರಡೂ ಬದಿಗೆ ಒತ್ತಾದ ಹೊಲಿಗೆ ಹಾಕಿಸಿ, ನಡುವೆ ಕತ್ತರಿಸಿ, ಅಂಚಿಗೆ ಬಟ್ಟೆಯ ಪಟ್ಟಿ ಕೂರಿಸಿ. ಬಿಸಿ ತಾಗಿಸಿ ಅಂಚು ಕರಗಿಸುವ ಕ್ರಮ ನೈಲಾನಿಗೆ ಮಾತ್ರ. ಹತ್ತಿ ಕರಗುವುದಿಲ್ಲ, ಹೊತ್ತಿಕೊಳ್ಳುತ್ತದೆ.